ಬೆನ್ನಿಗೊಂದು ಚೀಲ, ಚೀಲದೊಳಗೊಂದು ಒಲೆ

1991ರ ಸೆಪ್ಟೆಂಬರ್ ತಿಂಗಳು. ಆಲ್ಪ್ಸ್ ಪರ್ವತದಲ್ಲಿ ಇಟಲಿ ಮತ್ತು ಆಸ್ಟ್ರಿಯಾಗಳ ಗಡಿಯ ಹತ್ತಿರ, ಸಮುದ್ರಮಟ್ಟದಿಂದ 3,210 ಮೀಟರ್ ಎತ್ತರದಲ್ಲಿ, ಚಾರಣಕ್ಕೆ ಹೋಗಿದ್ದ ಗಂಡಹೆಂಡತಿಗೆ ಕರಗುತ್ತಿದ್ದ ಹಿಮದ ನಡುವೆ ಒಂದು ಹೆಣ ಕಾಣಿಸಿತು. ಈಚೆಗೆ ಯಾರೋ ಪರ್ವತಾರೋಹಿ ಜಾರಿ ಬಿದ್ದು ಸತ್ತಿರಬೇಕು ಅಂದುಕೊಂಡರು. ಪರೀಕ್ಷೆ ಮಾಡಿ ನೋಡಿದರೆ ಆ ಮನುಷ್ಯ ಸತ್ತು ಸುಮಾರು 5,300 ವರ್ಷಗಳಾಗಿದ್ದವು. ಏಟ್ಸಿ ಎಂದು ಈಗ ಲೋಕವೆಲ್ಲ ಕರೆಯುವ ಆತನ ಮೈಮೇಲಿನ ಹಚ್ಚೆ, ಹೊಟ್ಟೆಯಲ್ಲಿ ಉಳಿದಿದ್ದ ಕೊನೆಯ ಊಟ, ಭುಜದೊಳಗೆ ಸಿಕ್ಕಿಕೊಂಡಿದ್ದ ಬಾಣದ ಮೊನೆ, ಇವುಗಳ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ನನ್ನ ಕಣ್ಣು ಹೋದದ್ದು ಮಾತ್ರ ಅವನ ಸಾಮಾನಿನ ಕಡೆಗೆ. ಹೇಜಲ್ ಮರದ ಕೋಲೊಂದನ್ನು ಬಗ್ಗಿಸಿ, ಅದಕ್ಕೆ ಅಡ್ಡಲಾಗಿ ಲಾರ್ಚ್ ಮರದ ಹಲಗೆಪಟ್ಟಿ ಕಟ್ಟಿದ ಒಂದು ಚೌಕಟ್ಟು ಅಲ್ಲಿತ್ತು. ಬೆನ್ನಿಗೆ ಹೊರೆ ಕಟ್ಟಿಕೊಳ್ಳುವ ಚೌಕಟ್ಟು ಅದು ಎಂದು ತಜ್ಞರು ಬಗೆದಿದ್ದಾರೆ. ಜೊತೆಗೆ ಬರ್ಚ್ ಮರದ ತೊಗಟೆಯಿಂದ ಹೊಲಿದ ಎರಡು ಡಬ್ಬಿ. ಒಂದರೊಳಗೆ ಮೇಪಲ್ ಎಲೆಗಳ ಜೊತೆ ಇದ್ದಿಲಿನ ಚೂರುಗಳು ಸಿಕ್ಕವು. ಕೆಂಡವನ್ನು ಹಸಿ ಎಲೆಯಲ್ಲಿ ಸುತ್ತಿ, ಆರದಂತೆ ಜೋಪಾನವಾಗಿ ಒಂದು ಬಿಡಾರದಿಂದ ಇನ್ನೊಂದಕ್ಕೆ ಒಯ್ಯುವ ಡಬ್ಬಿ ಅದು. ಅಂದರೆ ಬೆನ್ನುಚೀಲ ಒಂದು, ಒಲೆ ಒಂದು. ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ಗೋಡೆ ತುಂಬ ನೇತುಹಾಕಿರುವ ಸಾಮಾನೆಲ್ಲ ಈ ಎರಡರ ಮೊಮ್ಮಕ್ಕಳು, ಮರಿಮಕ್ಕಳು.

ಚಾರಣಕ್ಕೆ, ಪ್ರವಾಸಕ್ಕೆ ಇಷ್ಟವಾದ ಸಾಮಾನುಗಳ ಬಗ್ಗೆ ಮಾತಾಡಿ ಎಂದು ರೇಡಿಯೊ ನಿಲಯದವರು ಕೇಳಿದಾಗ ನಾನು ಒಪ್ಪಿದೆ. ಆದರೆ ಪಟ್ಟಿ ಓದುತ್ತ ಕೂತರೆ ಐದನೆಯ ಸಾಮಾನಿಗೇ ನೀವು ರೇಡಿಯೊ ಆರಿಸಿಬಿಡುತ್ತೀರಿ. ಆದ್ದರಿಂದ ಚೀಲ ಮತ್ತು ಒಲೆ, ಈ ಎರಡನ್ನೇ ಹಿಡಿದು ಮಾತಾಡುತ್ತೇನೆ. ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ. ನನಗೊಂದು ಪಕ್ಷಪಾತವಿದೆ, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿಚ್ಚಿ ನೋಡಲಾಗದ, ದಾರಿಯಲ್ಲಿ ಕೆಟ್ಟರೆ ಕೈಯಾರೆ ಸರಿಮಾಡಿಕೊಳ್ಳಲಾಗದ ಸಾಮಾನು ಎಷ್ಟೇ ಹಗುರವಾಗಿರಲಿ, ಎಷ್ಟೇ ಬೆಲೆಬಾಳಲಿ, ನನಗೆ ಅದು ಒಗ್ಗುವುದಿಲ್ಲ.

ಮೊದಲು ಚೀಲ. ಬಹಳ ಕಾಲ ಬೆನ್ನುಚೀಲವೆಂದರೆ ಎರಡು ಪಟ್ಟಿ ಹೊಲಿದ ಗೋಣಿ ಅಷ್ಟೆ. ಭಾರವೆಲ್ಲ ಹೆಗಲಿಗೆ ಜೋತುಬಿದ್ದು ಹಿಂದಕ್ಕೆ ಎಳೆಯುತ್ತಿತ್ತು. ಹೊತ್ತವನು ಗೂನು ಬೆನ್ನು ಮಾಡಿಕೊಂಡು ಮುಂದಕ್ಕೆ ಬಾಗಿ ನಡೆಯಬೇಕಿತ್ತು. ನಾರ್ವೆಯ ಓಲೆ ಬರ್ಗನ್ ಎಂಬಾತ ಬೇಟೆಗೆ ಹೋದಾಗ ಈ ಕಾಟ ತಾಳಲಾರದೆ ಜೂನಿಪರ್ ಕೊಂಬೆಯೊಂದನ್ನು ತನ್ನ ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲಕ್ಕೆ ಕಟ್ಟಿದನಂತೆ. 1909ರಲ್ಲಿ ಆ ಚೌಕಟ್ಟಿನ ಚೀಲಕ್ಕೆ ಪೇಟೆಂಟು ಪಡೆದ. ಬ್ರಿಟಿಷ್ ಸೈನಿಕರು ಇಂದಿಗೂ ತಮ್ಮ ಬೆನ್ನುಚೀಲವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ನಿಜವಾದ ತಿರುವು ಬಂದದ್ದು ಇನ್ನೂ ನಲವತ್ತು ವರ್ಷಗಳಾದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಡಿಕ್ ಕೆಲ್ಟಿ ಎಂಬಾತ ಗೆಳೆಯನೊಡನೆ ಬೆಟ್ಟ ಹತ್ತುವಾಗ ಚೀಲದ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬುಗಳಿಗೆ ತೂರಿಸಿ ನೋಡಿದನೆಂದು ಕಥೆಯಿದೆ. ಹೆಗಲ ಮೇಲಿನ ಭಾರ ಇದ್ದಕ್ಕಿದ್ದಂತೆ ಇಳಿಯಿತು. ಹಾಗಾದರೆ ಜೇಬನ್ನು ಯಾಕೆ ಹರಿದುಕೊಳ್ಳಬೇಕು, ಚೌಕಟ್ಟಿಗೇ ಒಂದು ಸೊಂಟಪಟ್ಟಿ ಕಟ್ಟಿದರಾಯಿತಲ್ಲ? 1952ರಲ್ಲಿ ಆತ ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ ಮನೆಯಲ್ಲೇ ಚೌಕಟ್ಟು ಮಾಡತೊಡಗಿದ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಚೀಲ ಹೊಲಿದಳು. ಇವತ್ತು ನೀವು ಕೊಳ್ಳುವ ಯಾವುದೇ ದೊಡ್ಡ ಬೆನ್ನುಚೀಲಕ್ಕೆ ದಪ್ಪ ಮೆತ್ತೆಯ ಸೊಂಟಪಟ್ಟಿ ಇರುತ್ತದಲ್ಲ, ಅದು ಅಲ್ಲಿಂದ ಬಂದದ್ದು. ಆಮೇಲೆ 1967ರಲ್ಲಿ ಗ್ರೆಗ್ ಲೋವ್ ಎಂಬಾತ ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದ. ಹೊರಗೆ ಕೊಳವೆ ಕಾಣುವ ಚೀಲಗಳು ಮೆಲ್ಲಗೆ ಮರೆಯಾದವು.

ಸೊಂಟವೇ ಯಾಕೆ? ನಮ್ಮ ಹೆಂಗಸರು ಬಾವಿಯಿಂದ ಬರುವಾಗ ಬಿಂದಿಗೆಯನ್ನು ಎಲ್ಲಿ ಕೂರಿಸಿಕೊಳ್ಳುತ್ತಾರೆ? ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆಯ ಅಂಚಿನ ಮೇಲೆ. ಸೊಂಟಪಟ್ಟಿ ಕೂರಬೇಕಾದದ್ದೂ ಅದೇ ಅಂಚಿನ ಮೇಲೆ. ಅಲ್ಲಿಂದ ಭಾರ ನೇರವಾಗಿ ತೊಡೆಗೆ, ಕಾಲಿಗೆ ಇಳಿಯುತ್ತದೆ. ಹೆಗಲಿನ ಪಟ್ಟಿಗಳ ಕೆಲಸ ಚೀಲ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುವುದು ಮಾತ್ರ. ಬಸ್‌ಸ್ಟ್ಯಾಂಡುಗಳಲ್ಲಿ ನಾನು ನೋಡುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ಸೊಂಟಪಟ್ಟಿಯನ್ನು ಹಿಂದಕ್ಕೆ ಬಿಟ್ಟುಕೊಂಡು, ಅದರ ಬಕಲು ಕಾಲಿಗೆ ಬಡಿಯುತ್ತ ಹೋಗುತ್ತಿರುತ್ತಾರೆ. ಹತ್ತು ಸಾವಿರ ಕೊಟ್ಟು ಕೊಂಡ ಚೀಲದಲ್ಲಿ ಒಂಬತ್ತು ಸಾವಿರದ ಭಾಗವನ್ನು ಉಪಯೋಗಿಸದೆ ಬಿಟ್ಟ ಹಾಗೆ.

ಅಂಗಡಿಯಲ್ಲಿ ಖಾಲಿ ಚೀಲ ಬೆನ್ನಿಗೆ ಹಾಕಿ ಕನ್ನಡಿ ನೋಡಿಕೊಂಡು ಕೊಳ್ಳಬೇಡಿ. ಖಾಲಿ ಚೀಲ ಎಲ್ಲರಿಗೂ ಚೆನ್ನಾಗಿಯೇ ಕೂರುತ್ತದೆ. ಹತ್ತು ಕಿಲೋ ತೂಕದ ಏನನ್ನಾದರೂ ತುಂಬಿಸಿ ಕೊಡಿ ಎಂದು ಕೇಳಿ, ನಾಚಿಕೆ ಬೇಡ. ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ, ಮೊದಲು ಸೊಂಟಪಟ್ಟಿ ಬಿಗಿದು, ಆಮೇಲೆ ಹೆಗಲಿನವನ್ನು ಎಳೆದುಕೊಳ್ಳಿ. ಅಂಗಡಿಯೊಳಗೇ ಹತ್ತು ನಿಮಿಷ ಅಡ್ಡಾಡಿ. ಇನ್ನೊಂದು ಗುಟ್ಟೆಂದರೆ ಚೀಲದ ಅಳತೆಗೂ ನಿಮ್ಮ ಎತ್ತರಕ್ಕೂ ಸಂಬಂಧವಿಲ್ಲ, ನಿಮ್ಮ ಬೆನ್ನಿನ ಉದ್ದಕ್ಕೆ ಮಾತ್ರ ಸಂಬಂಧ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಅಲ್ಲಿಂದ ಸೊಂಟದ ಮೂಳೆಗಳ ಮಟ್ಟದವರೆಗೆ ಟೇಪಿನಲ್ಲಿ ಅಳೆಯಿರಿ. ಆರಡಿ ಎತ್ತರದವರಿಗೆ ಗಿಡ್ಡ ಬೆನ್ನಿರಬಹುದು, ಐದಡಿಯವರಿಗೆ ಉದ್ದ ಬೆನ್ನಿರಬಹುದು.

ಚೀಲ ಎಷ್ಟು ಲೀಟರಿನದ್ದಿರಬೇಕು ಎಂದು ಬಹಳ ಜನ ಕೇಳುತ್ತಾರೆ. ಒಂದು ದಿನಕ್ಕೆ 25, ಡೇರೆ ಹೊತ್ತು ನಾಲ್ಕಾರು ದಿನ ಹೋಗುವುದಕ್ಕೆ 55. ಇದಕ್ಕಿಂತ ಹೆಚ್ಚಿಗೆ ಆ ಪ್ರಶ್ನೆಯಲ್ಲಿ ಏನೂ ಇಲ್ಲ. ದೊಡ್ಡ ಚೀಲ ಕೊಂಡರೆ ಅದು ತುಂಬಿಯೇ ತುಂಬುತ್ತದೆ.

ಹಾಗಂತ ಸೊಂಟಪಟ್ಟಿಯೇ ಕೊನೆಯ ಮಾತು ಎನ್ನಲಾರೆ. ನೇಪಾಳದ ಹೊರೆಯಾಳುಗಳು ಇಂದಿಗೂ ಡೋಕೋ ಎಂಬ ಬಿದಿರಿನ ಬುಟ್ಟಿಯನ್ನು ನಾಮ್ಲೋ ಎಂಬ ಪಟ್ಟಿಯಿಂದ ನೆತ್ತಿಗೆ ಆನಿಸಿ ಹೊರುತ್ತಾರೆ. ಬೆಲ್ಜಿಯಂ ದೇಶದ ವಿಜ್ಞಾನಿಗಳು ನಾಮ್ಚೆ ಸಂತೆಗೆ ಹೋಗುವ ದಾರಿಯಲ್ಲಿ ಅವರನ್ನು ತೂಗಿ, ಉಸಿರು ಅಳೆದು ನೋಡಿ, 2005ರಲ್ಲಿ ವರದಿ ಪ್ರಕಟಿಸಿದರು. ತಮ್ಮ ಮೈತೂಕದ ನೂರಕ್ಕೆ 90ಕ್ಕೂ ಮೀರಿದ ಭಾರವನ್ನು ಅವರಲ್ಲಿ ಗಂಡಸರು ಸರಾಸರಿಯಾಗಿ ಹೊತ್ತಿದ್ದರು. ಅಷ್ಟೇ ಭಾರಕ್ಕೆ ನಮ್ಮ ನಿಮ್ಮಂಥವರು ಖರ್ಚು ಮಾಡುವ ಶಕ್ತಿಗಿಂತ ಕಡಿಮೆ ಶಕ್ತಿಯಲ್ಲಿ. ಬುಟ್ಟಿಯ ಜೊತೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಊರುಗೋಲೂ ಇರುತ್ತದೆ. ದಣಿವಾದಾಗ ಕೆಳಗೆ ಇಳಿಸದೆ, ನಿಂತಲ್ಲೇ ಬುಟ್ಟಿಯ ಬುಡಕ್ಕೆ ಆ ಕೋಲು ಕೊಟ್ಟು ಉಸಿರು ಬಿಡುತ್ತಾರೆ. ಪ್ರವಾಸಿಯ ದುಬಾರಿ ಚೀಲವೂ ಹಲವು ಸಲ ಆ ಬುಟ್ಟಿಯೊಳಗೇ ಬೆಟ್ಟ ಹತ್ತುತ್ತದೆ. ಅದರ ಸೊಂಟಪಟ್ಟಿಗೆ ಆಗ ಬಿಡುವು!

ನಮ್ಮಲ್ಲೂ ಪ್ರಯಾಣಕ್ಕೆಂದೇ ಹುಟ್ಟಿದ ಚೀಲಗಳಿವೆ. ಶಬರಿಮಲೆಗೆ ಹೋಗುವವರ ಇರುಮುಡಿಯನ್ನು ನೋಡಿ. ಒಂದೇ ಬಟ್ಟೆ, ಎರಡು ಗಂಟು. ಮುಂದಿನದರಲ್ಲಿ ತುಪ್ಪ ತುಂಬಿದ ಕಾಯಿ, ದೇವರ ಸಾಮಾನು. ಹಿಂದಿನದರಲ್ಲಿ ಹೊತ್ತವನ ಬುತ್ತಿ. ತಲೆಯ ಮೇಲೆ ಎರಡೂ ಕಡೆ ಸಮತೂಕವಾಗಿ ಕೂರುತ್ತದೆ. ದಾರಿಯುದ್ದಕ್ಕೂ ಬುತ್ತಿ ಕರಗುತ್ತದೆ, ದೇವರ ಪಾಲು ಹಾಗೇ ಉಳಿಯುತ್ತದೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಹೊಲಿಗೆಯಲ್ಲೇ ಹೇಳಿದ ಇಂಥ ಇನ್ನೊಂದು ಚೀಲ ನನಗೆ ಗೊತ್ತಿಲ್ಲ. ಹಿಂದೆ ರೈಲು ಪ್ರಯಾಣಕ್ಕೆ ಹಾಸಿಗೆ, ದಿಂಬು, ಚಪ್ಪಲಿ, ಟವೆಲ್ಲು ಎಲ್ಲವನ್ನೂ ಸುತ್ತಿ ಬೆಲ್ಟು ಬಿಗಿಯುತ್ತಿದ್ದ ಹೋಲ್ಡಾಲ್ ಈಗ ಅಟ್ಟ ಸೇರಿದೆ. ಅದನ್ನು ಬಿಗಿಯಲು ಮನೆಯವರಲ್ಲಿ ಒಬ್ಬರು ಅದರ ಮೇಲೆ ಹತ್ತಿ ಕೂರಬೇಕಾಗುತ್ತಿತ್ತು ಎಂಬುದನ್ನು ಬಿಟ್ಟರೆ ಅದರಲ್ಲಿ ದೋಷವೇನೂ ಇರಲಿಲ್ಲ.

ಮಳೆಯ ವಿಚಾರಕ್ಕೆ ಬಂದರೆ, ವಿದೇಶಿ ಸಲಹೆಗಳು ಮಲೆನಾಡಿನಲ್ಲಿ ಕೈಕೊಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಮೂರು ನಾಲ್ಕು ತಿಂಗಳಲ್ಲಿ. ಚೀಲದ ಜೊತೆ ಕೊಡುವ ತೆಳ್ಳನೆಯ ಮಳೆಹೊದಿಕೆ ಹೊರಮೈಯನ್ನಷ್ಟೇ ಮುಚ್ಚುತ್ತದೆ. ನೀರು ನಿಮ್ಮ ಕುತ್ತಿಗೆಯಿಂದ ಇಳಿದು, ಬೆನ್ನಿಗೆ ಅಂಟಿದ ಮಗ್ಗುಲಿನಿಂದ ಒಳಗೆ ಹೊಕ್ಕು, ಹೊದಿಕೆಯ ತಳದಲ್ಲಿ ಕೆರೆ ಕಟ್ಟುತ್ತದೆ. ಹೊರಗೆ ಮುಚ್ಚುವುದಕ್ಕಿಂತ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಕಟ್ಟುವುದು ಲೇಸು. ಗೊಬ್ಬರದ ಚೀಲದ ಒಳಪದರ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಚೆನ್ನಾಗಿ ತೊಳೆದಿದ್ದರೆ. ಅದೇ ಗೊಬ್ಬರದ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಯಲ್ಲಿ ನಿಂತವರನ್ನು ನೀವು ನೋಡಿರುತ್ತೀರಿ. ಅದಕ್ಕೂ ಹಿಂದೆ ಕಂಬಳಿ ಕೊಪ್ಪೆಯಿತ್ತು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಥಂಡಿ ಹತ್ತಲು ಬಿಡುವುದಿಲ್ಲ. ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿಯನ್ನು ಹೊದೆಯಲೂ ಹಾಸಲೂ ನಾನು ಈಗಲೂ ಒಯ್ಯುತ್ತೇನೆ. ಅದು ಚುಚ್ಚುತ್ತದೆ, ಒದ್ದೆಯಾದರೆ ಮಣಭಾರ, ವಾಸನೆಯೂ ಬರುತ್ತದೆ. ಆದರೂ ಕಿಡಿ ಹಾರಿ ಬಿದ್ದರೆ ನೈಲಾನ್ ಸ್ಲೀಪಿಂಗ್ ಬ್ಯಾಗಿಗೆ ತೂತು ಬೀಳುತ್ತದೆ, ಕಂಬಳಿಗೆ ಕಪ್ಪು ಚುಕ್ಕೆ ಮಾತ್ರ.

ಚೀಲದಲ್ಲಿ ಮೊದಲು ಕೆಡುವುದು ಜಿಪ್ಪು. ಜಿಪ್ಪಿನ ಹಲ್ಲು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಸವೆಯುವುದು ಅದರ ರನ್ನರ್. ಬಾಯಿ ಅಗಲವಾಗಿ ಹಲ್ಲುಗಳನ್ನು ಒತ್ತಿ ಕೂಡಿಸಲಾರದೆ ಹೋಗುತ್ತದೆ. ಸಣ್ಣ ಇಕ್ಕಳದಿಂದ ರನ್ನರಿನ ಎರಡೂ ಅಂಚನ್ನು ಮೆತ್ತಗೆ ಒತ್ತಿದರೆ ಇನ್ನೂ ಒಂದು ವರ್ಷ ಓಡುತ್ತದೆ. ಅದೂ ಆಗದಿದ್ದರೆ ಪೇಟೆಬೀದಿಯ ಬ್ಯಾಗು ರಿಪೇರಿಯವರು ಹೊಸ ರನ್ನರ್ ಹಾಕಿಕೊಡುತ್ತಾರೆ, ಒಂದು ಊಟದ ಬೆಲೆಯೂ ಆಗದು. ಜಿಪ್ಪು ಕೆಟ್ಟಿತೆಂದು ಚೀಲ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಒಲೆ. ನನಗೆ ಇದರ ಮೇಲೆ ಮೋಹ ಹೆಚ್ಚು, ಹೊತ್ತು ಸ್ವಲ್ಪ ಜಾಸ್ತಿಯಾದರೆ ಕ್ಷಮಿಸಿ.

ನಲವತ್ತು ದಾಟಿದ ಕೇಳುಗರಿಗೆ ಸೀಮೆಎಣ್ಣೆಯ ಪಂಪ್ ಸ್ಟವ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಬರ್ನರಿನ ಕೆಳಗೆ ಒಂದು ಪುಟ್ಟ ಬಟ್ಟಲು. ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ಟು ಹಾಕಿ ಹಚ್ಚಬೇಕು. ಬರ್ನರ್ ಕಾದ ಮೇಲೆ ಪಂಪು ಒತ್ತಬೇಕು. ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ನಿಪ್ಪಲಿನ ಕೂದಲೆಳೆಯಂಥ ತೂತಿನಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಸರಿಯಾಗಿ ಕಾಯದೆ ಪಂಪು ಒತ್ತಿದರೆ ಎಣ್ಣೆ ಎಣ್ಣೆಯಾಗಿಯೇ ಚಿಮ್ಮಿ ಹಳದಿ ಜ್ವಾಲೆ ಅಟ್ಟಕ್ಕೆ ಮುಟ್ಟುತ್ತದೆ. ನಿಪ್ಪಲು ಕಟ್ಟಿಕೊಂಡರೆ ತಗಡಿನ ತುದಿಯ ಪಿನ್ನು. ಪಂಪು ಹಿಡಿಯದಿದ್ದರೆ ಚರ್ಮದ ವಾಷರ್ ಒಣಗಿದೆ ಎಂದರ್ಥ, ಎರಡು ತೊಟ್ಟು ಕೊಬ್ಬರಿಎಣ್ಣೆ. ನಮ್ಮ ಮನೆಯಲ್ಲಿ ಈ ವೈದ್ಯ ಅಮ್ಮನಿಗೆ ಗೊತ್ತಿತ್ತು, ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಸ್ಟವ್ ರಿಪೇರಿಯವನಿಗೆ ಗೊತ್ತಿತ್ತು, ಎಂಟನೆಯ ಕ್ಲಾಸಿನ ಹುಡುಗನಿಗೂ ಗೊತ್ತಿತ್ತು.

ಈ ಯಂತ್ರ ಹುಟ್ಟಿದ್ದು ಸ್ವೀಡನ್ನಿನಲ್ಲಿ, 1892ರಲ್ಲಿ. ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ ಹೊಗೆಯಿಲ್ಲದೆ, ಮಸಿಯಿಲ್ಲದೆ ಉರಿಯುವ ಈ ಸೀಮೆಎಣ್ಣೆ ಒಲೆಯನ್ನು ಮಾಡಿ ಪ್ರೈಮಸ್ ಎಂದು ಹೆಸರಿಟ್ಟ. ಕೆಲವೇ ವರ್ಷಗಳಲ್ಲಿ ಅದು ಧ್ರುವಪ್ರದೇಶಕ್ಕೆ ಹೋಯಿತು. 1895ರಲ್ಲಿ ನಾರ್ವೆಯ ನಾನ್ಸೆನ್ ಉತ್ತರ ಧ್ರುವದ ಕಡೆಗೆ ಮಂಜಿನ ಮೇಲೆ ನಡೆದಾಗ ಪ್ರೈಮಸ್ ಜೊತೆಗಿತ್ತು. 1911ರ ಡಿಸೆಂಬರ್ 14ರಂದು ಅದೇ ನಾರ್ವೆಯ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದಾಗಲೂ ಜೊತೆಗಿತ್ತು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಭರ್ ಎಂದು ಸದ್ದು ಮಾಡುತ್ತಿದ್ದದ್ದೂ ಅದೇ ಕುಲದ್ದು. ಚಹಾದ ಅಂಗಡಿಯಲ್ಲಿ ಆ ಸದ್ದಿನ ಮುಂದೆ ಕೂತವರಿಗೆ ತಾವು ಧ್ರುವಯಾತ್ರೆಯ ಸಾಮಾನಿನ ಎದುರು ಕೂತಿದ್ದೇವೆಂಬ ಸುಳಿವು ಎಲ್ಲಿಂದ ಬರಬೇಕು?

ಆ ಚರ್ಮದ ವಾಷರ್ ವಿಷಯ ಹೇಳಿದೆನಲ್ಲ, ಅದರ ದೊಡ್ಡ ಕಥೆಯೊಂದು ಇದೇ ದಕ್ಷಿಣ ಧ್ರುವದಲ್ಲಿದೆ. ಅಮುಂಡ್ಸೆನ್ ಹೋಗಿ ಒಂದು ತಿಂಗಳ ಮೇಲೆ ಇಂಗ್ಲೆಂಡಿನ ಸ್ಕಾಟ್ ಧ್ರುವ ಮುಟ್ಟಿದ. ಹಿಂದಿರುಗುವ ದಾರಿಯಲ್ಲಿ, ತಾವೇ ಮೊದಲು ಹೂತಿಟ್ಟು ಹೋಗಿದ್ದ ಉಗ್ರಾಣಗಳಲ್ಲಿ ಎಣ್ಣೆಯ ಡಬ್ಬಿ ತೆರೆದರೆ ಪ್ರತಿಯೊಂದರಲ್ಲೂ ಎಣ್ಣೆ ಕಡಿಮೆ. ಡಬ್ಬಿಯ ಬಿರಡೆಗೆ ಹಾಕಿದ್ದ ಚರ್ಮದ ವಾಷರ್ ಆ ಚಳಿಗೆ ಸೆಟೆದು, ಸಂದಿನಿಂದ ಎಣ್ಣೆ ಜಿನುಗಿ ಆವಿಯಾಗಿತ್ತು. ಅಮುಂಡ್ಸೆನ್ ಈ ಕಾಟವನ್ನು ಮೊದಲೇ ಕಂಡಿದ್ದರಿಂದ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ. ಎಣ್ಣೆ ಇಲ್ಲವೆಂದರೆ ಅಲ್ಲಿ ಅಡುಗೆ ಇಲ್ಲ ಎಂದಷ್ಟೇ ಅರ್ಥವಲ್ಲ. ಕುಡಿಯುವ ನೀರೇ ಇಲ್ಲ. ಸುತ್ತ ಸಾವಿರ ಮೈಲಿ ನೀರು ಗಟ್ಟಿಯಾಗಿ ಬಿದ್ದಿದೆ, ಒಂದು ಗುಟುಕು ಗಂಟಲಿಗಿಳಿಯಬೇಕಾದರೆ ಬೆಂಕಿ ಬೇಕು. 1912ರ ಮಾರ್ಚಿನಲ್ಲಿ ಮುಂದಿನ ಉಗ್ರಾಣಕ್ಕೆ 11 ಮೈಲಿ ಇರುವಾಗ ಸ್ಕಾಟ್ ಮತ್ತು ಇಬ್ಬರು ಜೊತೆಗಾರರು ಡೇರೆಯಲ್ಲೇ ಸತ್ತರು. ಅವರ ಸಾವಿಗೆ ಹಿಮಗಾಳಿ, ಹಸಿವು, ದಣಿವು ಹೀಗೆ ಕಾರಣ ಹಲವು. ಆದರೆ ಒಂದು ಬಿಲ್ಲೆ ಚರ್ಮದ ಪಾಲನ್ನು ಮರೆಯುವ ಹಾಗಿಲ್ಲ.

ಹಿಮ ಕರಗಿಸುವುದು ಎಷ್ಟು ದುಬಾರಿ ಎಂಬುದನ್ನು ಶಾಲೆಯಲ್ಲಿ ಗುಪ್ತೋಷ್ಣ ಎಂದು ಓದಿ ಮರೆತಿರುತ್ತೇವೆ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮವನ್ನು ಸೊನ್ನೆ ಡಿಗ್ರಿಯ ನೀರಾಗಿ ಮಾಡಲು ಬೇಕಾದ ಶಾಖವಿದ್ದರೆ, ಅದೇ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಅಂದರೆ ಪಾತ್ರೆ ಒಲೆಯ ಮೇಲಿಟ್ಟು ಬಹಳ ಹೊತ್ತಾದರೂ ಏನೂ ಬಿಸಿಯಾದಂತೆ ಕಾಣುವುದಿಲ್ಲ, ಎಣ್ಣೆ ಮಾತ್ರ ಇಳಿಯುತ್ತಿರುತ್ತದೆ. ಬರೀ ಹಿಮ ತುಂಬಿದರೆ ಪಾತ್ರೆಯ ತಳ ಸೀಯುತ್ತದೆ, ನೀರಿಗೆ ಕರಕಲು ವಾಸನೆ. ತಳದಲ್ಲಿ ಮೊದಲೇ ಒಂದು ಲೋಟ ನೀರು ಉಳಿಸಿಕೊಂಡಿರಬೇಕು.

1952ರ ಮೇ ತಿಂಗಳ ಕೊನೆಯಲ್ಲಿ ತೇನ್ಸಿಂಗ್ ಮತ್ತು ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟ್ ಎವರೆಸ್ಟಿನ ಮೇಲೆ ಸುಮಾರು 27,500 ಅಡಿ ಎತ್ತರದಲ್ಲಿ ಒಂದು ರಾತ್ರಿ ಕಳೆದರು. ಸ್ಲೀಪಿಂಗ್ ಬ್ಯಾಗೂ ಇರಲಿಲ್ಲ, ಸ್ಟವ್ವೂ ಇರಲಿಲ್ಲ. ಮೇಣದಬತ್ತಿಯ ಮೇಲೆ ಖಾಲಿ ಡಬ್ಬಿ ಹಿಡಿದು ಮಂಜುಗಡ್ಡೆಯ ಚೂರು ಕರಗಿಸಿ ನಾಲಿಗೆ ತೋಯಿಸಿಕೊಂಡರು. ಮರುದಿನ ಇನ್ನೂ ಮೇಲೆ ಹೋಗಿ, ಆಗದೆ ಹಿಂದಿರುಗಿದರು. ಮರುವರ್ಷದ ಬ್ರಿಟಿಷ್ ತಂಡದಲ್ಲಿದ್ದ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞ ಈ ಬಾಯಾರಿಕೆಯನ್ನೇ ಹಿಡಿದು ಕೂತ. ಆ ಎತ್ತರದಲ್ಲಿ ಆಡಿದ ಪ್ರತಿ ಉಸಿರಿನಲ್ಲೂ ಮೈಯ ನೀರು ಹೊರಗೆ ಹೋಗುತ್ತದೆ. ದಿನಕ್ಕೆ ಮೂರು ಲೀಟರಿನಷ್ಟಾದರೂ ಕುಡಿಯಲೇಬೇಕು. ಅಷ್ಟು ಹಿಮ ಕರಗಿಸುವ ಸ್ಟವ್ ಮತ್ತು ಎಣ್ಣೆ ಕೊನೆಯ ಬಿಡಾರದವರೆಗೂ ಹೋಗಲೇಬೇಕು ಎಂದು ಹಟ ಹಿಡಿದ. 1953ರ ಮೇ 29ರ ಬೆಳಗ್ಗೆ ಆ ತಂಡದ ಹಿಲರಿಯ ಬೂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಹೆಚ್ಚುಕಡಿಮೆ ಎರಡು ಗಂಟೆ ಅವನ್ನು ಸ್ಟವ್ವಿನ ಮೇಲೆ ಹಿಡಿದು ಮೆತ್ತಗೆ ಮಾಡಿದ. ಎವರೆಸ್ಟಿನ ತುದಿಗೆ ಹೋದವರು ಇಬ್ಬರು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಸ್ಟವ್ ಕೊನೆಯ ಬಿಡಾರದಲ್ಲೇ ಉಳಿಯಿತು, ನಿಜ. ಆದರೆ ಅದಿಲ್ಲದೆ ಅವತ್ತು ಬೂಟು ಕಾಲಿಗೇ ಏರುತ್ತಿರಲಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಲ್ಯಾರಿ ಪೆನ್‌ಬರ್ತಿ ಎಂಬ ಎಂಜಿನಿಯರನೂ ಪರ್ವತಾರೋಹಿಗಳು ನೀರು ಸಾಲದೆ ಬಳಲುವುದನ್ನು ಕಂಡೇ 1973ರಲ್ಲಿ ಹೊಸ ಬಗೆಯ ಸ್ಟವ್ ಹೊರತಂದ. ಎಣ್ಣೆ ಒಯ್ಯುವ ಬಾಟಲಿಯೇ ಸ್ಟವ್ವಿನ ಟ್ಯಾಂಕಾಗಲಿ ಎಂಬ ಸರಳ ಯೋಚನೆ. ಬಾಟಲಿಯ ಬಾಯಿಗೆ ಪಂಪು ತಿರುಗಿಸಿ ಕೂರಿಸಿ, ಒಂದು ಕೊಳವೆಯಿಂದ ಬರ್ನರಿಗೆ ಸೇರಿಸುವುದು. ಟ್ಯಾಂಕು ಉರಿಯಿಂದ ದೂರ ನಿಂತಿದ್ದರಿಂದ ಸುತ್ತಲೂ ತಗಡಿನ ಗಾಳಿಮರೆ ಕಟ್ಟಬಹುದಾಯಿತು. ಲಿಂಡ್‌ಕ್ವಿಸ್ಟನ ಯಂತ್ರವನ್ನೇ ಬಿಡಿಬಿಡಿ ಮಾಡಿ ಹರಡಿದ ಹಾಗೆ. ನನ್ನ ಮೆಚ್ಚಿನದು ಈ ಜಾತಿಯದೇ. ಒಂದು ಪಿನ್ನು, ಒಂದು ವಾಷರ್, ಒಂದು ಸಣ್ಣ ಸ್ಪ್ಯಾನರ್ ಇದ್ದರೆ ಟಾರ್ಚ್ ಬೆಳಕಿನಲ್ಲಿ ಇಡೀ ಸ್ಟವ್ ಬಿಚ್ಚಿ ಜೋಡಿಸಬಹುದು.

ಈಗ ಹೆಚ್ಚು ಜನ ಒಯ್ಯುವುದು ಗ್ಯಾಸಿನ ಪುಟ್ಟ ಡಬ್ಬಿ. ಮೇಲೆ ಬರ್ನರ್ ತಿರುಗಿಸಿ ಕೂರಿಸಿದರೆ ಆಯಿತು. ಪಂಪೂ ಬೇಡ, ಮಸಿಯೂ ಇಲ್ಲ. ಅದನ್ನು ಹಳಿಯುವುದಿಲ್ಲ. ಆದರೆ ಅದರ ಗುಣ ಗೊತ್ತಿರಬೇಕು. ಬ್ಯೂಟೇನ್ ಅನಿಲ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ದ್ರವವಾಗಿಯೇ ಉಳಿದುಬಿಡುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಡಬ್ಬಿಯಲ್ಲಿ ಎರಡರ ಮಿಶ್ರಣವಿದ್ದರೆ ಚಳಿಯಲ್ಲಿ ಪ್ರೊಪೇನ್ ಮೊದಲು ಉರಿದುಹೋಗಿ, ಬ್ಯೂಟೇನ್ ತಳದಲ್ಲಿ ಸುಮ್ಮನೆ ಕೂರುತ್ತದೆ. ಅಲುಗಿಸಿದರೆ ಗುಳುಗುಳು ಸದ್ದು ಬರುತ್ತದೆ, ಒಲೆ ಮಾತ್ರ ಹತ್ತದು. ಸ್ಪಿತಿಯಲ್ಲೋ ಲಡಾಖಿನಲ್ಲೋ ರಾತ್ರಿ ಡಬ್ಬಿಯನ್ನು ಮಗುವಿನ ಹಾಗೆ ಹಾಸಿಗೆಯೊಳಗೆ ಮಲಗಿಸಿಕೊಳ್ಳುವುದು ಇದಕ್ಕೇ.

ಇನ್ನೊಂದು ಬಗೆ ಸ್ವೀಡನ್ನಿನದೇ ಟ್ರ್ಯಾಂಗಿಯಾ. 1925ರಲ್ಲಿ ಆರಂಭವಾದ ಕಂಪನಿ. ಗಾಳಿಗೆ ಆರದ ಅದರ ಸ್ಪಿರಿಟ್ ಒಲೆ ಬಂದದ್ದು 1951ರಲ್ಲಿ. ಹಿತ್ತಾಳೆಯ ಬಟ್ಟಲಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರುವುದು, ಅಷ್ಟೆ. ಕೆಡುವ ಭಾಗವೇ ಇಲ್ಲ. ಬೆಲೆ ತೆರುವುದು ಬೇರೆ ಕಡೆ: ಸೀಮೆಎಣ್ಣೆಯ ಮೂರನೆಯ ಎರಡು ಪಾಲು ಶಾಖ ಮಾತ್ರ, ಆದ್ದರಿಂದ ಇಂಧನದ ಭಾರ ಹೆಚ್ಚು. ಇಬ್ಬರ ಚಹಾಕ್ಕೆ ಸರಿ, ಹಿಮ ಕರಗಿಸಲು ಬೇಡ.

ಅನ್ನದ ವಿಚಾರ ನಮಗೆ ಮುಖ್ಯವಲ್ಲವೆ? ಎತ್ತರಕ್ಕೆ ಹೋದಂತೆಲ್ಲ ನೀರು ಬೇಗ ಕುದಿಯುತ್ತದೆ, ಆದರೆ ಕಡಿಮೆ ಬಿಸಿಯಲ್ಲಿ. ಬೆಂಗಳೂರಿನಲ್ಲೇ ಅದು ನೂರು ಡಿಗ್ರಿ ಮುಟ್ಟುವುದಿಲ್ಲ, 97ಕ್ಕೆ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ಕ್ಕೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಗಂಟೆಗಟ್ಟಲೆ ಕುದಿಯುತ್ತದೆ, ಬೇಯುವುದಿಲ್ಲ. ಲಡಾಖಿನ ಮನೆಗಳಲ್ಲಿ ಪ್ರೆಶರ್ ಕುಕ್ಕರಿಗೆ ಅಷ್ಟು ಮರ್ಯಾದೆ ಇರುವುದು ಇದರಿಂದ. ಕುಕ್ಕರ್ ಹೊರಲಾರದವರು ಹುರಿಹಿಟ್ಟು, ಗಟ್ಟಿ ಅವಲಕ್ಕಿ, ಶ್ಯಾವಿಗೆ ಒಯ್ಯಬೇಕು. ಅಲ್ಲಿನವರು ಹುರಿದ ಬಾರ್ಲಿಯ ಹಿಟ್ಟನ್ನು ಬೆಣ್ಣೆಚಹಾದಲ್ಲಿ ಕಲಸಿ ತಿನ್ನುವುದೂ ಇದೇ ಲೆಕ್ಕದ ಮೇಲೆ.

ಎರಡು ಎಚ್ಚರಿಕೆಗಳನ್ನು ಮುಖ ಗಂಟಿಕ್ಕಿಕೊಂಡೇ ಹೇಳುತ್ತೇನೆ. ಮುಚ್ಚಿದ ಡೇರೆಯೊಳಗೆ ಯಾವ ಸ್ಟವ್ವನ್ನೂ ಉರಿಸಬೇಡಿ. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. 1934ರಲ್ಲಿ ಅಂಟಾರ್ಕ್ಟಿಕಾದಲ್ಲಿ ಒಬ್ಬಂಟಿಯಾಗಿ ಚಳಿಗಾಲ ಕಳೆಯಲು ಹೋದ ಅಡ್ಮಿರಲ್ ಬರ್ಡ್ ತನ್ನ ಗುಡಿಸಲಿನ ಒಲೆಯ ಹೊಗೆಯಿಂದಲೇ ಸಾವಿನ ಬಾಗಿಲು ತಟ್ಟಿ ಬಂದ. ಎರಡನೆಯದು, ಇಂಧನವನ್ನು ರೈಲಿಗೆ, ವಿಮಾನಕ್ಕೆ ಹತ್ತಿಸಬೇಡಿ. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ, ನಿಯಮ ಮೀರಿ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಚಹಾ ಕಾಸಲು ಹೊರಟಿದ್ದವರು. ಸ್ಟವ್ ಒಯ್ಯಿರಿ, ಖಾಲಿ ಮಾಡಿ, ತೊಳೆದು, ವಾಸನೆ ಹೋಗುವಂತೆ ಒಣಗಿಸಿ ಒಯ್ಯಿರಿ; ಇಂಧನವನ್ನು ಹೋದ ಊರಿನಲ್ಲೇ ಕೊಂಡುಕೊಳ್ಳಿ.

ಇಷ್ಟೆಲ್ಲ ಒಲೆಯ ಗುಣಗಾನ ಮಾಡಿ, ಕರ್ನಾಟಕದ ಕಾಡುಗಳಿಗೆ ಅದನ್ನು ತರಬೇಡಿ ಎಂದರೆ ನಿಮಗೆ ನಗು ಬರಬಹುದು. ಆದರೂ ಹಾಗೆಯೇ ಹೇಳಬೇಕಾಗಿದೆ. ಕುಮಾರ ಪರ್ವತ ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು, ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಪರಾಧ. ಕಾಯಿದೆ ಹಾಗಿರಲಿ, ಫೆಬ್ರವರಿಯಲ್ಲಿ ಆ ಗುಡ್ಡಗಳ ಹುಲ್ಲನ್ನು ಕೈಯಲ್ಲಿ ಹಿಸುಕಿ ನೋಡಿ. ಪುಡಿಪುಡಿಯಾಗುತ್ತದೆ. ಒಂದು ಸ್ಟವ್ ಮಗುಚಿದರೆ ಮುಂದಿನ ಕಣಿವೆಯವರೆಗೆ ನಿಲ್ಲಿಸುವವರಿಲ್ಲ. ಕುಕ್ಕೆಯಿಂದ 1,712 ಮೀಟರಿನ ಕುಮಾರ ಪರ್ವತಕ್ಕೆ ಹತ್ತುವವರು ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು ಹೋಗುವುದು ವರ್ಷಾಂತರಗಳಿಂದ ನಡೆದುಬಂದ ರೂಢಿ. ಅಂಥ ಮನೆಯಿಲ್ಲದ ಬೆಟ್ಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಹುಣಿಸೆ ಗೊಜ್ಜಿನನ್ನ. ಇವು ಒಲೆ ಕೇಳುವುದಿಲ್ಲ, ಎರಡು ದಿನ ಕೆಡುವುದೂ ಇಲ್ಲ. ಮಳೆಗಾಲವಾದರೆ ಉಂಬಳಕ್ಕೆಂದು ಮಂಡಿಯವರೆಗಿನ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಅಥವಾ ನಶ್ಯ.

ಹೊಸದಾಗಿ ಹೊರಡುವವರು ಏನು ಮೊದಲು ಕೊಳ್ಳಬೇಕು ಎಂದು ಕೇಳುತ್ತಾರೆ. ಮೊದಲು ಬೂಟು, ಅದೂ ಸಂಜೆಯ ಹೊತ್ತು, ಪಾದ ಊದಿಕೊಂಡಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು. ಆಮೇಲೆ ಚೀಲ. ಡೇರೆ, ಸ್ಲೀಪಿಂಗ್ ಬ್ಯಾಗುಗಳನ್ನು ಮೊದಲ ಒಂದೆರಡು ಸಲ ಬಾಡಿಗೆಗೆ ತನ್ನಿ. ಬೆಂಗಳೂರು, ಮೈಸೂರುಗಳಲ್ಲಿ ಸಿಗುತ್ತವೆ. ತಲೆಗೆ ಕಟ್ಟುವ ಟಾರ್ಚಿಗೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ ಹಾಕುವಂತಿರಲಿ. ಒಂದು ಹಳೆಯ ಪಂಚೆ ಇರಲಿ. ಅದು ಟವೆಲ್ಲು, ಹೊದಿಕೆ, ನೀರು ಸೋಸುವ ಬಟ್ಟೆ, ಕೈ ಮುರಿದರೆ ಜೋಲಿ, ಬಟ್ಟೆ ಬದಲಿಸುವಾಗ ಮರೆ, ಎಲ್ಲವೂ ಆಗುತ್ತದೆ. ಸ್ಟವ್ ಕೊನೆಗೆ. ಹಿಮಾಲಯಕ್ಕೆ ಹೋಗುವುದು ನಿಶ್ಚಯವಾದ ಮೇಲೆ ಕೊಂಡರೆ ಸಾಕು. ಕೊಂಡ ಮೇಲೆ ಅದನ್ನು ಮೊದಲ ಸಲ ಬೆಟ್ಟದಲ್ಲಿ ಹಚ್ಚಬೇಡಿ. ಮನೆಯ ತಾರಸಿಯ ಮೇಲೆ, ಗಾಳಿ ಬೀಸುವ ಒಂದು ಸಂಜೆ, ಒಂದು ಲೀಟರ್ ನೀರು ಕುದಿಯಲು ಎಷ್ಟು ನಿಮಿಷ, ಎಷ್ಟು ಎಣ್ಣೆ ಎಂದು ಗಡಿಯಾರ ಹಿಡಿದು ಬರೆದಿಟ್ಟುಕೊಳ್ಳಿ. ಆಮೇಲೆ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಇನ್ನೊಮ್ಮೆ ಹಚ್ಚಿ. ಹಾಂ, ಅಂಗಡಿಯಿಂದ ಹೊರಡುವ ಮೊದಲು ಪಂಪಿಗೆ ಹೊಂದುವ ಎರಡು ವಾಷರ್ ಹೆಚ್ಚಿಗೆ ಕೇಳಿ ತೆಗೆದುಕೊಳ್ಳಿ; ಆಮೇಲೆ ಆ ಅಳತೆಯದು ಎಲ್ಲೂ ಸಿಗುವುದಿಲ್ಲ.